ಈ ಮೇ ರಜೆ ಕೆರೆಗಳ ಊರಿನಲ್ಲಿ: ಥಾಣೆಯ ದಡದಲ್ಲಿ ಸಾವಿರ ವರ್ಷದ ಕನ್ನಡದ ಹೆಜ್ಜೆ



ಮೇ ತಿಂಗಳು ಬಂತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಒಂದೇ ಪ್ರಶ್ನೆ: "ಊರಿಗೆ ಯಾವಾಗ ಹೊರಟಿರಿ?" ಒಂದು ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದೇ ಒಂದು ಸಾಹಸವಾಗಿತ್ತು. ಟ್ರಂಕು, ಹಾಸಿಗೆ ಸುರುಳಿ, ಮಕ್ಕಳನ್ನು ಕಟ್ಟಿಕೊಂಡು ಬಸ್ಸಿನಲ್ಲಿ ರಾತ್ರಿ ಹಗಲು ಘಟ್ಟ ಹತ್ತಿ ಇಳಿಯಬೇಕಿತ್ತು. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದುಕೊಂಡಿತು. ಅದೇ ವರ್ಷ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಓಡತೊಡಗಿತು. ಅಂದಿನಿಂದ ಥಾಣೆಯಲ್ಲೋ ಪನ್ವೆಲ್‌ನಲ್ಲೋ ಗಾಡಿ ಹತ್ತಿದರೆ ಮರುದಿನ ಬೆಳಿಗ್ಗೆ ಕರಾವಳಿಯ ತೆಂಗಿನ ತೋಟ ಕಾಣುವಂತಾಯಿತು.

ದಾರಿ ಹತ್ತಿರವಾಯಿತು, ನಿಜ. ಆದರೆ ಊರು? ನಿಮ್ಮಲ್ಲಿ ಹಲವರಿಗೆ ಅದು ಮೊದಲಿನಷ್ಟು ಹತ್ತಿರ ಉಳಿದಿಲ್ಲ. ಅಜ್ಜ ಅಜ್ಜಿ ತೀರಿಕೊಂಡಿದ್ದಾರೆ. ಮನೆ ನಾಲ್ಕು ಪಾಲಾಗಿದೆ, ಅಥವಾ ಬೀಗ ಬಿದ್ದಿದೆ. ಮಗಳಿಗೆ ಹತ್ತನೆಯ ತರಗತಿಯ ಕ್ಲಾಸು ಏಪ್ರಿಲ್‌ನಲ್ಲೇ ಶುರುವಾಗಿದೆ. ಟಿಕೆಟ್ಟು ನೋಡಿದರೆ ವೇಯ್ಟಿಂಗ್ ಲಿಸ್ಟ್. ಕೊನೆಗೆ ಕೋಪರಖೈರಣೆಯ ಸೆಕ್ಟರಿನ ಮನೆಯಲ್ಲೇ ಫ್ಯಾನಿನ ಕೆಳಗೆ ರಜೆ ಕಳೆಯುವುದು ಎಂದಾಗುತ್ತದೆ. ಆಗ ಮಕ್ಕಳು ಕೇಳುವ ಇನ್ನೊಂದು ಪ್ರಶ್ನೆ ಇದೆ: "ಅಮ್ಮ, ನಾವು ಇಲ್ಲಿಯವರೋ, ಅಲ್ಲಿಯವರೋ?"

ಈ ಪ್ರಶ್ನೆಗೆ ಉತ್ತರ ಹುಡುಕಲು ಈ ಬಾರಿ ದೂರ ಹೋಗುವುದು ಬೇಡ. ಅರ್ಧ ಗಂಟೆಯ ಲೋಕಲ್ ಪ್ರಯಾಣ ಸಾಕು. ಬುತ್ತಿಗೆ ಚಿತ್ರಾನ್ನ, ಬಾಟಲಿಗೆ ಮಜ್ಜಿಗೆ ತುಂಬಿಸಿಕೊಳ್ಳಿ. ಕೆರೆಗಳ ಊರಿಗೆ ಹೋಗಿಬರೋಣ.

ಕೆರೆಗಳ ಊರು ಎಲ್ಲಿದೆ?

ನೀವು ದಿನವೂ ಹಾದುಹೋಗುವ ಥಾಣೆಯೇ ಆ ಊರು. 2004ರ ನವೆಂಬರ್‌ನಲ್ಲಿ ಥಾಣೆ–ವಾಶಿ ನಡುವಿನ ಟ್ರಾನ್ಸ್ ಹಾರ್ಬರ್ ಮಾರ್ಗ ಆರಂಭವಾದಾಗಿನಿಂದ ಕೋಪರಖೈರಣೆಗೂ ಥಾಣೆಗೂ ನೇರ ನಂಟು. ಘನ್ಸೋಲಿ, ರಬಾಲೆ, ಐರೋಲಿ, 2024ರಲ್ಲಿ ತೆರೆದ ದಿಘಾ ಗಾಂವ್, ಆಮೇಲೆ ಥಾಣೆ. ಡೊಂಬಿವಲಿ, ಕಲ್ಯಾಣದವರಿಗಂತೂ ಮುಖ್ಯ ಮಾರ್ಗವೇ ಇದೆ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಥಾಣೆ ಎಂದರೆ ಗಾಡಿ ಬದಲಿಸುವ ಜಾಗ. ಪ್ಲಾಟ್‌ಫಾರ್ಮ್ ಬಿಟ್ಟು ಹೊರಗೆ ಹೋದವರು ಕಡಿಮೆ.

ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಹತ್ತು ನಿಮಿಷ ನಡೆದರೆ ತಲಾವ್‌ಪಾಳಿ. ಇದರ ಹಳೆಯ ಹೆಸರು ಮಾಸುಂದ ಕೆರೆ. ಸಂಜೆಯಾದರೆ ದಡದಲ್ಲಿ ಜನಜಾತ್ರೆ, ನೀರಿನಲ್ಲಿ ದೋಣಿ. ಥಾಣೆ ನಗರದಲ್ಲಿ ಇಂದಿಗೂ ಸುಮಾರು 35 ಕೆರೆಗಳಿವೆ. ಹಿಂದೆ ಅರವತ್ತು ಇದ್ದವೆಂದು ಊರಿನ ಹಿರಿಯರು ಹೇಳುತ್ತಾರೆ. ಯೇವೂರು ಗುಡ್ಡದ ಬುಡದ ಉಪವನ, ಕಚರಾಳಿ, ಆಂಬೆ ಘೋಸಾಳೆ, ಸಿದ್ಧೇಶ್ವರ, ರಾಯಲಾದೇವಿ ಹೀಗೆ ಒಂದೊಂದು ಬಡಾವಣೆಗೆ ಒಂದೊಂದು ಕೆರೆ.

ಸಮುದ್ರದ ಪಕ್ಕದ ಊರಿಗೆ ಇಷ್ಟು ಕೆರೆ ಯಾಕೆ ಎಂದು ಮಕ್ಕಳು ಕೇಳಿದರೆ ಉತ್ತರ ಸುಲಭ. ಥಾಣೆಯನ್ನು ಬಳಸಿ ಹರಿಯುವ ಖಾಡಿಯ ನೀರು ಉಪ್ಪು. ಕೊಂಕಣದಲ್ಲಿ ಮಳೆ ಬೇಕಾದಷ್ಟು ಸುರಿಯುತ್ತದೆ, ಆದರೆ ನಾಲ್ಕು ತಿಂಗಳಲ್ಲಿ ಮುಗಿದುಹೋಗುತ್ತದೆ. ಉಳಿದ ಎಂಟು ತಿಂಗಳು ಕುಡಿಯಲು, ದನಕರುಗಳಿಗೆ, ದೇವರ ಅಭಿಷೇಕಕ್ಕೆ ಸಿಹಿನೀರು ಬೇಕಾದರೆ ಅದನ್ನು ಹಿಡಿದಿಡಬೇಕು. ನಮ್ಮ ಬಯಲುಸೀಮೆಯ ಊರುಗಳಲ್ಲಿ ಕೆರೆ ಕಟ್ಟಿದ ಬುದ್ಧಿಯೇ ಇಲ್ಲೂ ಕೆಲಸ ಮಾಡಿತ್ತು.

ಮಾಸುಂದ ಕೆರೆಯ ಪೂರ್ವಕ್ಕೆ ಕೌಪಿನೇಶ್ವರ ದೇವಸ್ಥಾನ. ಒಳಗೆ ಬಹಳ ದೊಡ್ಡ ಶಿವಲಿಂಗವಿದೆ. ಈಗಿನ ಗುಡಿಯನ್ನು 1760ರಲ್ಲಿ ಪೇಶ್ವೆಯವರ ಸರ್ ಸುಭೇದಾರ ರಾಮಾಜಿ ಮಹಾದೇವ ಬಿವಲ್ಕರ್ ಕಟ್ಟಿಸಿದರು. ಆದರೆ ಆ ಸ್ಥಳದ ಮೂಲ ಶಿಲಾಹಾರರ ಕಾಲದ್ದೆಂಬುದು ಪರಂಪರೆಯ ನಂಬಿಕೆ. ಕೆರೆಯ ದಡದಲ್ಲೇ ಪೋರ್ಚುಗೀಸರ ಕಾಲದ ಸಂತ ಜಾನ್ ಬ್ಯಾಪ್ಟಿಸ್ಟ್ ಇಗರ್ಜಿ ಇದೆ, 1978ರಲ್ಲಿ ತೆರೆದ ಗಡ್ಕರಿ ರಂಗಾಯತನ ನಾಟಕ ಮಂದಿರವೂ ಇದೆ. ಒಂದು ಸುತ್ತು ನಡೆದರೆ ಊರಿನ ಚರಿತ್ರೆಯ ಅರ್ಧ ಮುಗಿಯಿತು.

ಇನ್ನೊಂದು ಸ್ವಾರಸ್ಯ. ಭಾರತದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಹೊರಟು 34 ಕಿಲೋಮೀಟರ್ ಓಡಿ ನಿಂತದ್ದು ಈ ಕೆರೆಗಳ ಊರಿನಲ್ಲೇ. 14 ಬೋಗಿ, 400 ಮಂದಿ ಅತಿಥಿಗಳು. ಅಂದು ಮುಂಬಯಿಯಲ್ಲಿ ಸಾರ್ವಜನಿಕ ರಜೆ ಸಾರಿದ್ದರು. ಬೇಸಗೆಯ ಒಂದು ರಜಾದಿನ ರೈಲು ಹತ್ತಿ ಥಾಣೆಗೆ ಹೋಗುವ ರೂಢಿ ಈ ದೇಶದ ರೈಲಿನಷ್ಟೇ ಹಳೆಯದು!

ಶ್ರೀಸ್ಥಾನಕದ ಅರಸರು

ಈಗ ಕಟ್ಟೆಯ ಮೇಲೆ ಕುಳಿತುಕೊಳ್ಳಿ. ಮಕ್ಕಳು ದೋಣಿಯಲ್ಲಿರಲಿ. ಶಿಲಾಹಾರರ ಹೆಸರು ಬಂತಲ್ಲ, ಅವರು ಯಾರು ಎಂದು ನೋಡೋಣ.

ಥಾಣೆಯ ಹಳೆಯ ಹೆಸರು ಶ್ರೀಸ್ಥಾನಕ. ಸುಮಾರು ಕ್ರಿ.ಶ. 800ರಿಂದ 1265ರ ತನಕ ಉತ್ತರ ಕೊಂಕಣವನ್ನು ಆಳಿದವರು ಶಿಲಾಹಾರರು. ಕೊಲ್ಲಾಪುರದಲ್ಲೂ ದಕ್ಷಿಣ ಕೊಂಕಣದಲ್ಲೂ ಇದೇ ಹೆಸರಿನ ಬೇರೆ ಶಾಖೆಗಳಿದ್ದವು. ಥಾಣೆಯ ಶಾಖೆಯವರು ಮೊದಲ ಸುಮಾರು ಇನ್ನೂರು ವರ್ಷ ಸ್ವತಂತ್ರರಲ್ಲ, ಸಾಮಂತರು. ಅವರ ಒಡೆಯರು ಯಾರು ಗೊತ್ತೇ? ಮಾನ್ಯಖೇಟದ ರಾಷ್ಟ್ರಕೂಟರು. ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡವೇ ಆ ಮಾನ್ಯಖೇಟ.

ರಾಷ್ಟ್ರಕೂಟರಲ್ಲಿ ನಮಗೆಲ್ಲ ಪರಿಚಿತ ಹೆಸರು ಅಮೋಘವರ್ಷ ನೃಪತುಂಗನದು. ಶಾಲೆಯಲ್ಲಿ ಓದಿದ್ದೀರಿ: ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ಅವನ ಆಸ್ಥಾನದಲ್ಲಿ ಹುಟ್ಟಿದ್ದು, ಕಾವೇರಿಯಿಂದ ಗೋದಾವರಿಯ ತನಕ ಕನ್ನಡ ನಾಡು ಹಬ್ಬಿತ್ತೆಂದು ಅದು ಹೇಳುವುದು. ಆದರೆ ಆ ನೃಪತುಂಗನ ಹೆಸರು ನಮ್ಮ ಮುಂಬಯಿಯಲ್ಲೇ ಕಲ್ಲಿನ ಮೇಲೆ ಕೆತ್ತಿದೆ ಎಂಬುದು ಎಷ್ಟು ಮಂದಿಗೆ ಗೊತ್ತು?

ಬೋರಿವಲಿಯ ರಾಷ್ಟ್ರೀಯ ಉದ್ಯಾನದೊಳಗೆ ಕಾನ್ಹೇರಿ ಗುಹೆಗಳಿವೆ. ಥಾಣೆಯ ಉಪವನ ಕೆರೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಕಾಣುವ ಕಾಡುಗುಡ್ಡಗಳ ಆಚೆ ಬದಿಗೆ. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು. ಅಲ್ಲಿನ ಶಕ 765ರ, ಅಂದರೆ ಕ್ರಿ.ಶ. 843ರ ಸುಮಾರಿನ ಸಂಸ್ಕೃತ ಶಾಸನವೊಂದರಲ್ಲಿ ಶಿಲಾಹಾರ ಅರಸ ಪುಲ್ಲಶಕ್ತಿ ತಾನು ಅಮೋಘವರ್ಷನ ಕೃಪೆಯಿಂದ ಕೊಂಕಣವನ್ನು ಆಳುತ್ತಿರುವೆನೆಂದು ಹೇಳಿಕೊಂಡಿದ್ದಾನೆ. ಅವನ ಮಗ ಎರಡನೆಯ ಕಪರ್ದಿಯ ಕಾಲದ, ಶಕ 775 ಮತ್ತು 799ರ ಇನ್ನೆರಡು ಶಾಸನಗಳಲ್ಲೂ ಅಮೋಘವರ್ಷನ ಹೆಸರಿದೆ. ಒಂದರಲ್ಲಿ ಗೌಡ ದೇಶದಿಂದ, ಎಂದರೆ ಬಂಗಾಳದ ಕಡೆಯಿಂದ ಬಂದ ಬೌದ್ಧ ಭಕ್ತನೊಬ್ಬ ಭಿಕ್ಷುಗಳಿಗಾಗಿ 100 ದ್ರಮ್ಮ ದಾನ ಮಾಡಿದ ವಿವರವಿದೆ. ಮಳಖೇಡದ ದೊರೆ, ಕೊಂಕಣದ ಸಾಮಂತ, ಬಂಗಾಳದ ದಾನಿ. ಅಂದಿನ ಮುಂಬಯಿಯೂ ಇಂದಿನಂತೆಯೇ ಇತ್ತು ಎನ್ನಿಸುವುದಿಲ್ಲವೇ?

ಕಾನ್ಹೇರಿಗೆ ಒಂದು ದಿನ ಮೀಸಲಿಡಿ. ಬೆಳಿಗ್ಗೆ ಬೇಗ ಹೋಗಿ. ಸೋಮವಾರ ಉದ್ಯಾನಕ್ಕೆ ರಜೆ. ಬಂಡೆಯಲ್ಲೇ ಕೊರೆದ ಕಾಲುವೆಗಳಿಂದ ಮಳೆನೀರು ಹರಿದು ಒಂದೊಂದು ಗುಹೆಯ ಪಕ್ಕದ ತೊಟ್ಟಿಗೆ ಸೇರುವ ಏರ್ಪಾಡನ್ನು ಮಕ್ಕಳಿಗೆ ತೋರಿಸಿ. ಕೆಳಗೆ ಥಾಣೆಯಲ್ಲಿ ಕೆರೆ, ಮೇಲೆ ಗುಡ್ಡದಲ್ಲಿ ತೊಟ್ಟಿ. ಎರಡಕ್ಕೂ ಕಾರಣ ಒಂದೇ.

ನಾಗನಯ್ಯ, ಸೀಹಪಯ್ಯ, ತಿಕ್ಕಪಯ್ಯ

ಒಡೆಯರ ಹೆಸರಷ್ಟೇ ಅಲ್ಲ, ಇಲ್ಲಿ ಓಡಾಡಿಕೊಂಡಿದ್ದವರ ಹೆಸರುಗಳನ್ನೂ ಸ್ವಲ್ಪ ಕೇಳಿ.

18ನೆಯ ಶತಮಾನದ ಕೊನೆಯಲ್ಲಿ ಥಾಣೆಯ ಕೋಟೆಯಲ್ಲಿ ಅಡಿಪಾಯ ಅಗೆಯುವಾಗ ತಾಮ್ರದ ಹಲಗೆಗಳು ಸಿಕ್ಕಿದವು. ಅದೇ ಕೋಟೆಯೊಳಗೆ ಈಗ ಥಾಣೆಯ ಕೇಂದ್ರ ಕಾರಾಗೃಹ ಇದೆ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಶೋಧನ ಗ್ರಂಥಮಾಲೆಯ ಮೊದಲ ಸಂಪುಟದಲ್ಲೇ ಆ ತಾಮ್ರಪಟದ ಅನುವಾದ ಅಚ್ಚಾಯಿತು. ಶಿಲಾಹಾರ ಅರಸ ಅರಿಕೇಸರಿ ಶಕ 939ರಲ್ಲಿ, ಎಂದರೆ ಕ್ರಿ.ಶ. 1017ರಲ್ಲಿ ಕೊಟ್ಟ ದಾನ ಅದು. ದಾನ ಪಡೆದವನ ಹೆಸರು ತಿಕ್ಕಪಯ್ಯ!

ಇನ್ನು ಒಂಬತ್ತು ವರ್ಷ ಕಳೆದು, ಕ್ರಿ.ಶ. 1026ರ ಭಾಂಡುಪ್ ತಾಮ್ರಪಟಕ್ಕೆ ಬನ್ನಿ. ಹೌದು, ಲೋಕಲ್ ನಿಲ್ಲುವ ಅದೇ ಭಾಂಡುಪ್. ಅರಸ ಛಿತ್ತರಾಜ. ಅವನ ಸರ್ವಾಧಿಕಾರಿ ನಾಗನಯ್ಯ. ಯುದ್ಧ–ಶಾಂತಿಗಳ ಮಂತ್ರಿ, ಅಂದರೆ ಸಂಧಿವಿಗ್ರಹಿಕ, ಸೀಹಪಯ್ಯ. ಇವರೊಂದಿಗೆ ಇನ್ನೊಬ್ಬ ಮಂತ್ರಿಯೂ ಇದ್ದಾನೆ. ಅವನ ಹೆಸರು ಕಪರ್ದಿ, ಹುದ್ದೆ 'ಕರ್ಣಾಟ ಸಂಧಿವಿಗ್ರಹಿಕ'. ಕರ್ನಾಟಕದೊಂದಿಗಿನ ವ್ಯವಹಾರಕ್ಕೆಂದೇ ಪ್ರತ್ಯೇಕ ಮಂತ್ರಿ! ಆ ಹುದ್ದೆ ಬೇಕಾಗಿತ್ತು ಕೂಡ. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹ ಕೇವಲ ಎರಡು ವರ್ಷ ಹಿಂದೆ, 1024ರ ಮೀರಜ್ ತಾಮ್ರಪಟದಲ್ಲಿ, ಸಪ್ತ ಕೊಂಕಣದ ಅರಸರ ಸಂಪತ್ತನ್ನು ವಶಪಡಿಸಿಕೊಂಡೆನೆಂದು ಹೇಳಿಕೊಂಡಿದ್ದ. ಕಲ್ಯಾಣದ ಕೇಳುಗರು ಗಮನಿಸಿ: ಇದು ನಿಮ್ಮ ಸ್ಟೇಷನ್ನಿನ ಕಲ್ಯಾಣ್ ಅಲ್ಲ, ಬೀದರ್ ಜಿಲ್ಲೆಯ ಬಸವಕಲ್ಯಾಣ.

'ಅಯ್ಯ' ಎಂದು ಮುಗಿಯುವ ಈ ಹೆಸರುಗಳು ಕನ್ನಡ ಅಥವಾ ತೆಲುಗು ನಾಡಿನ ರೂಢಿಯವು ಎಂದು ನೂರು ವರ್ಷಕ್ಕೂ ಹಿಂದೆಯೇ ವಿದ್ವಾಂಸರು ಗುರುತಿಸಿದ್ದಾರೆ. ಅರಸರ ಬಿರುದುಗಳಲ್ಲೂ ಕನ್ನಡ ಇಣುಕುತ್ತದೆ. 'ನನ್ನಿಸಮುದ್ರ' ಎಂಬ ಬಿರುದನ್ನು ತೆಗೆದುಕೊಳ್ಳಿ. ಹಳಗನ್ನಡದಲ್ಲಿ 'ನನ್ನಿ' ಎಂದರೆ ಸತ್ಯ. ಸತ್ಯದ ಸಮುದ್ರ ಎಂದಾಯಿತು. 'ಮಲಗಲಗಂಡ' ಎಂಬುದು ಇನ್ನೊಂದು. ಇಲ್ಲಿ 'ಗಂಡ' ಎಂದರೆ ಪತಿಯಲ್ಲ, ವೀರ. ಶಾಸನದ ಭಾಷೆ ಸಂಸ್ಕೃತ. ಅದರ ನಡುವೆ ಈ ಮಾತುಗಳು, ಮರಾಠಿ ಮಾತಿನ ನಡುವೆ ನಮ್ಮ ಬಾಯಿಂದ "ಅಯ್ಯೋ" ಎಂದು ಹೊರಡುವಂತೆ, ಸಹಜವಾಗಿ ಬಂದು ಕುಳಿತಿವೆ.

ಪಾಲಘರ್ ಜಿಲ್ಲೆಯ ಚಿಂಚಣಿಯಲ್ಲಿ ಸಿಕ್ಕ ರಾಷ್ಟ್ರಕೂಟರ ಶಕ 848ರ (ಕ್ರಿ.ಶ. 926) ತಾಮ್ರಪಟ ಇನ್ನೂ ಸೋಜಿಗದ್ದು. ಗುಜರಾತ್ ಗಡಿಯ ಸಂಜಾಣ ಸೀಮೆಯನ್ನು ರಾಷ್ಟ್ರಕೂಟ ದೊರೆ ವಹಿಸಿಕೊಟ್ಟದ್ದು ಒಬ್ಬ ಅರಬ ಅಧಿಕಾರಿಗೆ. ಅವನ ಹೆಸರು ಮುಹಮ್ಮದ್. ಸಂಸ್ಕೃತದಲ್ಲಿ 'ಮಧುಮತಿ' ಎಂದು ಬರೆದಿದ್ದಾರೆ. ಆತ ಹೊಳೆ ದಾಟುವವರಿಗೆ ಪುಕ್ಕಟೆ ದೋಣಿ ಏರ್ಪಡಿಸಿದ, ದಾರಿಹೋಕರಿಗೆ ಅನ್ನ ತುಪ್ಪ ಬಡಿಸುವ ಛತ್ರ ನಡೆಸಿದ ಎಂದು ತಾಮ್ರಪಟ ಹೇಳುತ್ತದೆ. ಈ ಕರಾವಳಿಗೆ ಪರಸ್ಥಳದವರು ಬಂದು ನೆಲೆಸುವುದು ಹೊಸತೇನಲ್ಲ. ಬಂದವರು ಏನು ಮಾಡಿದರು ಎಂಬುದನ್ನು ತಾಮ್ರಪಟ ಬರೆದಿಟ್ಟಿದೆ.

ಬಿದ್ದ ಮನೆತನದ ನೆನಪು

ಇದೆಲ್ಲಕ್ಕಿಂತ ಹೆಚ್ಚಾಗಿ ನಿಮ್ಮ ಮನಸ್ಸು ತಟ್ಟಬಹುದಾದ ದಾಖಲೆಯೊಂದಿದೆ. ಅದು ಭಿವಂಡಿ ಬಳಿಯ ಭಾದಾನೆ ಎಂಬ ಹಳ್ಳಿಯದು.

ಕ್ರಿ.ಶ. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟರ ಕೊನೆಯ ಪ್ರಮುಖ ದೊರೆ ಕಕ್ಕಲನನ್ನು ಸೋಲಿಸಿದ. ಮಾನ್ಯಖೇಟದ ವೈಭವ ಮುಗಿಯಿತು. ಸಾಮಂತರಿಗೆ ಇಂಥ ಹೊತ್ತಿನಲ್ಲಿ ಗೊತ್ತಿರುವ ದಾರಿ ಒಂದೇ: ಹೊಸ ಒಡೆಯನಿಗೆ ಕೈಮುಗಿಯುವುದು. ಥಾಣೆಯ ಶಿಲಾಹಾರ ಅರಸ ಅಪರಾಜಿತ ಹಾಗೆ ಮಾಡಲಿಲ್ಲ. ಶಕ 919ರಲ್ಲಿ, ಎಂದರೆ ಕ್ರಿ.ಶ. 997ರಲ್ಲಿ ಅವನು ಭಾದಾನೆ ಹಳ್ಳಿಯನ್ನು ಲೋಣಾದಿತ್ಯ ಎಂಬ ಸೂರ್ಯದೇವರಿಗೆ ದಾನ ಬಿಟ್ಟ. ಆ ತಾಮ್ರಪಟದಲ್ಲಿ ಮೊದಲಿಗೆ ತನ್ನ ವಂಶಾವಳಿಯನ್ನಲ್ಲ, ರಾಷ್ಟ್ರಕೂಟರ ವಂಶಾವಳಿಯನ್ನು ಗೋವಿಂದರಾಜನಿಂದ ಕಕ್ಕಲನ ತನಕ ಬರೆಸಿದ. ಆ ಮನೆತನ ಅಳಿದುಹೋದುದಕ್ಕೆ ದುಃಖವನ್ನೂ ತೋಡಿಕೊಂಡ. ಒಡೆಯರು ಬಿದ್ದು ಇಪ್ಪತ್ತನಾಲ್ಕು ವರ್ಷ ಕಳೆದಿತ್ತು. ಅವರನ್ನು ಹೊಗಳಿ ಸಿಗುವ ಲಾಭ ಏನೂ ಇರಲಿಲ್ಲ.

ಹಾಗೆಂದು ಅಪರಾಜಿತ ಅಳುತ್ತ ಕುಳಿತವನಲ್ಲ. ತನ್ನನ್ನು ಪಶ್ಚಿಮ ಸಮುದ್ರದ ಅಧಿಪತಿಯೆಂದು ಕರೆದುಕೊಂಡ, ಇಲ್ಲಿಯೇ ರಾಜ್ಯ ಬೆಳೆಸಿದ. ಅವನ ಮಕ್ಕಳು ಮೊಮ್ಮಕ್ಕಳ ಕಾಲದಲ್ಲೇ ಈ ಸೀಮೆಯ ದೊಡ್ಡ ಕಟ್ಟಡಗಳು ಎದ್ದದ್ದು. ಹಳೆಯ ಮನೆತನದ ಹೆಸರನ್ನು ತಾಮ್ರದ ಮೇಲೆ ಬರೆಸಿದವನೂ ಇಲ್ಲಿಯ ದೇವರಿಗೆ ಇಲ್ಲಿಯ ಹಳ್ಳಿಯನ್ನು ಬಿಟ್ಟುಕೊಟ್ಟವನೂ ಒಬ್ಬನೇ. ಊರಿನ ಮನೆಗೆ ಬೀಗ ಬಿದ್ದಿರುವ ನಮ್ಮ ಕೇಳುಗರಿಗೆ ಇದಕ್ಕಿಂತ ಹತ್ತಿರದ ಅರಸ ಇನ್ನೊಬ್ಬ ಸಿಗಲಾರ.

ಆ ದೊಡ್ಡ ಕಟ್ಟಡಗಳಲ್ಲಿ ಒಂದನ್ನು ನೀವು ನೋಡಲೇಬೇಕು. ಕಲ್ಯಾಣ್ ದಾಟಿ ಅಂಬರನಾಥದಲ್ಲಿ ಇಳಿಯಿರಿ. ಅಲ್ಲಿನ ಶಿವಾಲಯದಲ್ಲಿ ಶಕ 982ರ, ಎಂದರೆ ಕ್ರಿ.ಶ. 1060ರ ಶಾಸನವಿದೆ, ಅರಸ ಮಾಮ್ವಾಣಿ. ವಾಲಧುನಿ ಹೊಳೆಯ ದಡದಲ್ಲಿ ಕಪ್ಪು ಕಲ್ಲಿನ ಗುಡಿ. ಗೋಡೆಯ ಮೇಲೆ ಬೆರಳಿಡಲು ಜಾಗವಿಲ್ಲದಷ್ಟು ಕೆತ್ತನೆ. ಗರ್ಭಗುಡಿಗೆ ಹೋಗಲು ಮೆಟ್ಟಿಲು ಹತ್ತುವುದಲ್ಲ, ಇಳಿಯಬೇಕು. ಮೇ ತಿಂಗಳ ಬಿಸಿಲಿನಲ್ಲೂ ಒಳಗೆ ತಂಪು. ತಲೆಯೆತ್ತಿದರೆ ಶಿಖರದ ಬಾಯಿ ತೆರೆದಿದ್ದು ಆಕಾಶ ಕಾಣುತ್ತದೆ.

ಕೊಟ್ಟದ್ದೂ ಪಡೆದದ್ದೂ

ಇಷ್ಟು ಕೇಳಿದ ಮೇಲೆ ಯಾರಾದರೂ "ಹಾಗಾದರೆ ಥಾಣೆ ನಮ್ಮದೇ" ಎಂದಾರು. ಮಿತ್ರರೇ, ಇತಿಹಾಸವನ್ನು ಹಾಗೆ ಓದುವುದು ಬೇಡ. ಇದೇ ಶಿಲಾಹಾರರ ಸೀಮೆಯಲ್ಲಿ, ಅಲೀಬಾಗದ ಬಳಿಯ ಆಕ್ಷಿ ಎಂಬಲ್ಲಿ, ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲೊಂದು ಸಿಕ್ಕಿದೆ. ಅದರ ಕಾಲವನ್ನು ಹಲವು ವಿದ್ವಾಂಸರು ಕ್ರಿ.ಶ. 1012 ಎಂದು ಓದಿದ್ದಾರೆ. ನಾಗನಯ್ಯ, ಸೀಹಪಯ್ಯರು ಆಡಳಿತ ನಡೆಸುತ್ತಿದ್ದ ಕಾಲದಲ್ಲೇ ಜನರ ಬಾಯಲ್ಲಿ ಮರಾಠಿ ಮೈದುಂಬುತ್ತಿತ್ತು.

ಇನ್ನು ನಮ್ಮ ಶ್ರವಣಬೆಳಗೊಳ ನೆನಪಿಸಿಕೊಳ್ಳಿ. ಅದೂ ಕೆರೆಯ ಊರೇ. ಬೆಳಗೊಳ ಎಂದರೆ ಬಿಳಿಯ ಕೊಳ. ಅಲ್ಲಿ 58 ಅಡಿಯ ಗೊಮ್ಮಟನ ಪಾದದ ಬಳಿ ಚಾವುಂಡರಾಯನು ಮೂರ್ತಿಯನ್ನು ಮಾಡಿಸಿದನೆಂಬ ಮಾತು ಕನ್ನಡ ಮತ್ತು ತಮಿಳಿನ ಜೊತೆಗೆ ಮರಾಠಿಯಲ್ಲೂ ಕೆತ್ತಿದೆ. ಮರಾಠಿಯ ಹಳೆಯ ಸಾಲುಗಳನ್ನು ಹುಡುಕುವವರು ಕನ್ನಡ ನಾಡಿನ ಕೆರೆಯೂರಿಗೆ ಹೋಗಬೇಕು. ಕನ್ನಡದ ಹಳೆಯ ಹೆಸರುಗಳನ್ನು ಹುಡುಕುವ ನಾವು ಮಹಾರಾಷ್ಟ್ರದ ಕೆರೆಯೂರಿಗೆ ಬಂದಿದ್ದೇವೆ. ಕೊಟ್ಟದ್ದು ಎಷ್ಟು, ಪಡೆದದ್ದು ಎಷ್ಟು ಎಂಬ ಲೆಕ್ಕ ಸರಿದೂಗಿತು.

ಹಾಗಾದರೆ "ನಾವು ಇಲ್ಲಿಯವರೋ, ಅಲ್ಲಿಯವರೋ?" ಎಂಬ ಮಕ್ಕಳ ಪ್ರಶ್ನೆಗೆ ಏನು ಹೇಳುವುದು? ಸಿಡ್ಕೋ ಹುಟ್ಟಿದ್ದೇ 1970ರಲ್ಲಿ. ಕೋಪರ್, ಖೈರಣೆ ಎಂಬ ಆಗ್ರಿ–ಕೋಳಿ ಹಳ್ಳಿಗಳ ಹೆಸರು ಸೇರಿ ನಮ್ಮ ಬಡಾವಣೆ ಆದದ್ದು ಆಮೇಲೆ. ನಮ್ಮ ಕಟ್ಟಡಗಳು ಹೊಸವು, ನಾವು ಇಲ್ಲಿಗೆ ಬಂದದ್ದೂ ಇತ್ತೀಚೆಗೆ. ಆದರೆ ಕನ್ನಡ ಈ ಖಾಡಿಯ ದಡಕ್ಕೆ ಬಂದು ಸಾವಿರ ವರ್ಷ ದಾಟಿದೆ. ಅದು ಇಲ್ಲಿ ಉಳಿದದ್ದು ಜನರ ಹೆಸರುಗಳಲ್ಲಿ. ಆದ್ದರಿಂದ ಮಕ್ಕಳಿಗೆ ಹೀಗೆ ಹೇಳಿ: ನಾವು ಇಲ್ಲಿಯವರು, ಅಲ್ಲಿಯ ಹೆಸರು ಹೊತ್ತವರು. ನಮಗಿಂತ ಮೊದಲು ಹಾಗೆ ಬದುಕಿದವರು ಇದೇ ಕೆರೆಗಳ ನೀರು ಕುಡಿದಿದ್ದಾರೆ.

ಒಂದು ಸಣ್ಣ ಕೆಲಸವನ್ನೂ ಈ ರಜೆಗೆ ಇಟ್ಟುಕೊಳ್ಳಿ. ತಲಾವ್‌ಪಾಳಿಯ ಕಟ್ಟೆಯ ಮೇಲೆ ಮಕ್ಕಳ ಕೈಗೆ ಒಂದು ನೋಟುಬುಕ್ ಕೊಡಿ. ನಿಮ್ಮ ಮನೆತನದ ಹೆಸರುಗಳನ್ನು ಗೊತ್ತಿರುವಷ್ಟು ಹಿಂದಿನಿಂದ ಹೇಳುತ್ತಾ ಹೋಗಿ. ಅಜ್ಜ, ಮುತ್ತಜ್ಜ, ಅಜ್ಜಿಯ ತವರು, ಊರಿನ ಮನೆಯ ಹೆಸರು, ಅಲ್ಲಿನ ಕೆರೆಯ ಹೆಸರು. ಅವರು ಕನ್ನಡದಲ್ಲೇ ಬರೆಯಲಿ. ಒತ್ತಕ್ಷರ ತಪ್ಪಿದರೆ ತಪ್ಪಲಿ. ಅಪರಾಜಿತನಿಗೆ ತಾಮ್ರ ಬೇಕಾಯಿತು, ನಮಗೆ ನೂರು ಪುಟದ ಪುಸ್ತಕ ಸಾಕು.

ಆಮೇಲೆ ದೋಣಿ ಹತ್ತಿ, ತಹಶೀಲ್ದಾರರ ಕಚೇರಿಯ ಬಳಿ ಮಿಸಳ್ ತಿನ್ನಿ, ಖಾರ ಹೆಚ್ಚಾಯಿತೆಂದು ಮಜ್ಜಿಗೆ ಕುಡಿಯಿರಿ. ಸಂಜೆಯ ಗಾಡಿಯಲ್ಲಿ ಐರೋಲಿ, ರಬಾಲೆ, ಘನ್ಸೋಲಿ ದಾಟಿ ಆರಾಮವಾಗಿ ಮನೆ ಸೇರಿ.

ಸುಖಕರ ರಜೆ ನಿಮ್ಮದಾಗಲಿ. ಮತ್ತೆ ರೇಡಿಯೋದಲ್ಲಿ ಭೇಟಿಯಾಗೋಣ. ಕೇಳುತ್ತಿರಿ, ಕನ್ನಡದಲ್ಲಿ ಮಾತಾಡುತ್ತಿರಿ.